ಇನ್ನೂ ಮೂರು ಮಹಡಿ ಏರಿಸಿ

ಕುಶಿಬೆ ಹತ್ಸುಮಿ ಮದುವೆಗೆ ಒಪ್ಪಿದ್ದು ಗಂಡನ್ನು ನೋಡಿ ಅಲ್ಲ. ಇದು ಒಸಾಕಾದ ನಮ್ಮ ಓಣಿಗೆಲ್ಲ ಗೊತ್ತಿರುವ ಸಂಗತಿ. ಗಂಡ ತೊಕುಜೊಗೂ ಗೊತ್ತು. ಹುಡುಗಿಯ ಕಡೆಯವರು ಮನೆ ನೋಡಲು ಬಂದ ದಿನ ಆತ ಹೊಸ ಕೋಟು ತೊಟ್ಟು, ತಲೆಗೆ ಎಣ್ಣೆ ಮೆತ್ತಿಕೊಂಡು, ಕೆಳಗಿನ ಕೋಣೆಯಲ್ಲಿ ಮಂಡಿಯೂರಿ ಬೆವರುತ್ತ ಕೂತಿದ್ದ. ಹುಡುಗಿ ಮಾತ್ರ ಅತ್ತೆಯಾಗುವವಳ ಹಿಂದೆಯೇ ಏಣಿ ಹತ್ತಿ, ಹೆಂಚಿನ ಮಾಡಿನ ಮೇಲಿದ್ದ ಅಟ್ಟಣಿಗೆಗೆ ಹೋಗಿಬಿಟ್ಟಿದ್ದಳು.

ಮರದ ಕಾಲುಗಳ ಮೇಲೆ ನಿಂತ, ಹಲಗೆ ಹಾಸಿದ ಅಟ್ಟಣಿಗೆ ಅದು. ಬಟ್ಟೆಬರೆ ಒಣಹಾಕಲೆಂದು ತೊಕುಜೊನ ಅಜ್ಜ ಕಟ್ಟಿಸಿದ್ದು. ಆವತ್ತು ಚಳಿಗಾಲದ ಬಿಸಿಲು. ಮನೆಮಂದಿಯ ಹತ್ತಿಯ ಹಾಸಿಗೆಗಳೆಲ್ಲ ಅಲ್ಲಿ ಬಿದ್ದುಕೊಂಡು ಬಿಸಿ ಪೂರಿಯ ಹಾಗೆ ಉಬ್ಬಿದ್ದವು. ಹತ್ಸುಮಿ ಒಂದರ ಮೇಲೆ ಅಂಗೈ ಇಟ್ಟಳು, ಆಮೇಲೆ ಕೆನ್ನೆ ಇಟ್ಟಳು, ಆಮೇಲೆ ಒಳ್ಳೆಯ ಕಿಮೋನೊ ಉಟ್ಟಿದ್ದೇನೆ ಅನ್ನುವುದನ್ನೂ ಮರೆತು ಮೈಚೆಲ್ಲಿ ಮಲಗಿಯೇಬಿಟ್ಟಳು. ಅತ್ತೆ ದಂಗಾಗಿ ನಿಂತಳು. ಕೆಳಗಿಳಿದು ಬಂದ ಹುಡುಗಿ, ಯಾರೂ ಕೇಳುವ ಮೊದಲೇ, ಗಂಡಿನ ಮುಖವನ್ನೂ ಸರಿಯಾಗಿ ನೋಡದೆ ಹೇಳಿದಳು:

"ನನಗ ಒಪ್ಪಿಗಿ ಐತ್ರಿ."

ಹದಿನೈದನೆಯ ವಯಸ್ಸಿಗೆ ಒಸಾಕಾದಿಂದ ದೂರದ ಕೊಚಿ ಪ್ರಾಂತ್ಯದ ಬೆಟ್ಟದ ಹಳ್ಳಿಯಿಂದ ನೂಲಿನ ಗಿರಣಿಗೆ ಬಂದು ಬಿದ್ದವಳು ಅವಳು. ಗಿರಣಿಯ ಹಾಸ್ಟೆಲ್ಲಿನ ಕೋಣೆ ಬಡಗಣ ದಿಕ್ಕಿನದು. ಹಗಲು ಪಾಳಿಯ ಹುಡುಗಿಗೂ ರಾತ್ರಿ ಪಾಳಿಯ ಹುಡುಗಿಗೂ ಸೇರಿ ಒಂದೇ ಹಾಸಿಗೆ. ಒಬ್ಬಳು ಎದ್ದ ಜಾಗದಲ್ಲಿ ಇನ್ನೊಬ್ಬಳು ಮಲಗಬೇಕು. ಆ ಹಾಸಿಗೆಯ ತಣಸು ಎಂದೂ ಆರಲಿಲ್ಲ, ಅದರ ಹತ್ತಿ ಎಂದೂ ಬಿಸಿಲು ಕಾಣಲಿಲ್ಲ. ಮೈಗೆ ಅಂಟುವ ಆ ತೇವದಲ್ಲಿ ಮಲಗಿ ಮಲಗಿ ಅವಳಿಗೆ ಬದುಕಿನಲ್ಲಿ ಬೇಕಾದದ್ದು ಒಂದೇ ಅನಿಸಿಬಿಟ್ಟಿತ್ತು: ಒಣಗಿದ ಹಾಸಿಗೆ. ಅದು ಸಿಕ್ಕಿದ ಮನೆಯಲ್ಲಿ ಗಂಡನೂ ಒಬ್ಬ ಇದ್ದ, ಅಷ್ಟೇ.

ತೊಕುಜೊ ಟ್ರಾಮ್ ಓಡಿಸುತ್ತಿದ್ದವನು. ಕಡಿಮೆ ಮಾತಿನವನು. ಈಗಲೂ ಯಾರಾದರೂ ಈ ಮಾತು ತೆಗೆದು ಕಾಲೆಳೆದರೆ, "ಅಟ್ಟಣಿಗಿ ನನ್ನ ಹೆಸರಿಗೇ ಇತ್ತಲ್ಲ, ಅದs ದೊಡ್ಡದು" ಎಂದು ಚಹಾ ಹೀರುತ್ತಾನೆ.

ಹತ್ಸುಮಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಪ್ಯಾಂಟು ಗಿಡ್ಡ ಮಾಡಿ, ಸ್ಕರ್ಟು ಸಡಿಲ ಮಾಡಿ ಮಗಳನ್ನು ಓದಿಸಿ ಮದುವೆ ಮಾಡಿದಳು. ಚೀಲದಲ್ಲಿ ಸದಾ ಪೆಪ್ಪರಮೆಂಟು. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕೆಮ್ಮಿದವರಿಗೆ, ಕೆಮ್ಮದವರಿಗೆ, ದಂಡ ಹಾಕಲು ಬಂದ ಪೊಲೀಸನಿಗೆ, ಎಲ್ಲರಿಗೂ ಒಂದೊಂದು. ಅಟ್ಟಣಿಗೆಯನ್ನೂ ಹಾಗೆಯೇ ಹಂಚಿದಳು. ನಮ್ಮ ಓಣಿಯ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ, ಒಳಗೆ ಬಿಸಿಲು ಬೀಳುವುದು ಅಷ್ಟಕ್ಕಷ್ಟೇ. "ಗಾದಿ ತಗೊಂಡ ಬರ್ರಿ, ಇಲ್ಲಿ ಬಿಸಿಲು ದಂಡಿ ಐತಿ" ಎಂದು ಓಣಿಗೆ ಕೇಳುವ ಹಾಗೆ ಕೂಗುವಳು. ಚಳಿಗಾಲದ ಬೆಳಗಾದರೆ ಸಾಕು, ಹಾಸಿಗೆ ಹೊತ್ತವರ ಸಾಲು ಅವಳ ಏಣಿ ಹತ್ತುತ್ತಿತ್ತು. ಎಷ್ಟೋ ಜಗಳ ಅಲ್ಲಿ ಬಗೆಹರಿದಿವೆ, ಎಷ್ಟೋ ಹೊಸದಾಗಿ ಹುಟ್ಟಿವೆ. ಬಿದಿರಿನ ಬಡಿಗೆಯಿಂದ ಹಾಸಿಗೆ ಬಡಿಯುತ್ತ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ತೀರಿಸಿಕೊಂಡ ಸೊಸೆಯಂದಿರು ಈಗ ತಾವೇ ಅತ್ತೆಯರಾಗಿದ್ದಾರೆ.

ಓಣಿಯ ತೆಂಕಣ ತುದಿಗೆ ಟ್ರಾಮು, ಲಾರಿ, ಬಸ್ಸು ಎಲ್ಲ ಓಡಾಡುವ ದೊಡ್ಡ ರಸ್ತೆ. ರಸ್ತೆಗೆ ಮುಖ ಮಾಡಿ ಒಂದು ಪಚಿಂಕೊ ಜೂಜಿನ ಅಂಗಡಿ ಇತ್ತು. ಗದ್ದಲ ಎಷ್ಟೇ ಇದ್ದರೂ ಅದು ಒಂದೇ ಅಂತಸ್ತಿನದು. ಹಾಗಾಗಿ ಅದರ ತಲೆಯ ಮೇಲಿಂದ ಬಿಸಿಲು ಸಲೀಸಾಗಿ ದಾಟಿ ಹತ್ಸುಮಿಯ ಅಟ್ಟಣಿಗೆಗೆ ಬರುತ್ತಿತ್ತು. ಹತ್ಸುಮಿಗೆ ಎಪ್ಪತ್ತು ದಾಟಿದ ಮೇಲೆ ಆ ಅಂಗಡಿ ಮುಚ್ಚಿತು, ಕಟ್ಟಡ ಕೆಡವಿದರು. ಒಂದು ಬೆಳಿಗ್ಗೆ ಬೇಲಿಗೆ ಬಿಳಿ ಫಲಕ ತೂಗುಹಾಕಿದ್ದು ಕಂಡಿತು. ಹತ್ತು ಮಹಡಿಯ ಕಟ್ಟಡ. ಒಂದು ಬೇಲಿಯಿಂದ ಇನ್ನೊಂದು ಬೇಲಿಯವರೆಗೆ ಗೋಡೆ, ಒಳಗೆಲ್ಲ ಒಂಟಿ ಕೋಣೆಯ ಮನೆಗಳು.

ಹತ್ಸುಮಿ ಫಲಕ ಓದಿದಳು. ತಿರುಗಿ ತನ್ನ ಮನೆಯ ಕಡೆ ನೋಡಿದಳು. ಮತ್ತೆ ಆಕಾಶ ನೋಡಿದಳು. ಚಳಿಗಾಲದ ಸೂರ್ಯ ಮೊದಲೇ ಸೋಮಾರಿ, ಮೇಲೇರುವವನಲ್ಲ. ಅಂಥ ಗೋಡೆ ಎದುರು ನಿಂತರೆ ಇಡೀ ಹಗಲು ಅದರ ಬೆನ್ನ ಹಿಂದೆಯೇ ನಡೆದು ಮುಳುಗಿಹೋಗುತ್ತಾನೆ.

ಓಣಿಯ ಸಂಘದ ಮನೆಯಲ್ಲಿ ಸಭೆ ಸೇರಿತು. ಸಂಘದ ಅಧ್ಯಕ್ಷ ನಿಶಿವಾಕಿ, ಕ್ಷೌರದಂಗಡಿಯವನು. ಕತ್ತರಿ ಹಿಡಿಯದಿದ್ದರೂ ಮಾತಾಡುವಾಗ ಎರಡು ಬೆರಳು ಕತ್ತರಿಯ ಹಾಗೆ ಆಡುತ್ತಿರುತ್ತವೆ.

"ಪಾರಿವಾಳದ ಗೂಡ ಕಟ್ಟಾಕತ್ತಾರ" ಎಂದ ಆತ. "ಒಂದೊಂದ ಕೋಣಿ, ಒಬ್ಬೊಬ್ಬ ಮನಷ್ಯಾ. ಇವತ್ತ ಬರ್ತಾರ, ನಾಳಿ ಹೋಗ್ತಾರ. ಕಸ ಯಾವ ದಿನ ಹಾಕಬೇಕು ಅನ್ನೋದೂ ಗೊತ್ತಿರೂದಿಲ್ಲ."

"ಮಂದಿ ಬರಲಿ ಬಿಡ್ರಿ" ಎಂದಳು ಹತ್ಸುಮಿ. "ಮಂದಿ ನೆರಳು ಎಷ್ಟ ಬೀಳತೈತಿ? ಕಟ್ಟಡದ ನೆರಳಿನ ಮಾತ ಹೇಳ್ರಿ."

ಅಲ್ಲಿಗೆ ಹೋರಾಟ ಸಮಿತಿಯ ಮುಖ್ಯಸ್ಥೆ ಯಾರು ಅನ್ನುವುದು ತೀರ್ಮಾನವಾಯಿತು. ಎಲ್ಲರೂ ಅವಳ ಕಡೆ ತಿರುಗಿ ಕೂತರು. ಇನ್ನು ಬ್ಯಾನರಿನ ಮೇಲೆ ಏನು ಬರೆಸುವುದು ಅನ್ನುವ ಚರ್ಚೆ. ರಸ್ತೆಯ ಮೂಲೆಯಲ್ಲಿ ಆಕ್ಟೋಪಸ್ ಉಂಡೆ ಸುಟ್ಟು ಮಾರುವ ಮಸಾಯೊ ಕೈಯೆತ್ತಿದಳು.

"ಬಿಸಿಲು ನಿಮ್ಮಪ್ಪಂದೇನು ಅಂತ ಬರೀರಿ."

"ಚಲೋ ಐತಿ, ಆದ್ರ ಪೇಪರಿನಾವ್ರು ಫೋಟೊ ತಗೀತಾರ" ಎಂದ ನಿಶಿವಾಕಿ.

"ತಗೀಲಿ. ನಮ್ಮಪ್ಪನೂ ನೋಡಲಿ."

ಕೊನೆಗೆ ಹತ್ಸುಮಿ ಹೇಳಿದ್ದೇ ಗೆದ್ದಿತು: 'ಎತ್ತರದ ಕಟ್ಟಡ ಬೇಡವೇ ಬೇಡ.' ಹಳದಿ ಬಟ್ಟೆ ತಂದು, ಕೆಂಪು ಅಕ್ಷರ ಕತ್ತರಿಸಿ, ಒಂದೊಂದನ್ನೂ ಅವಳೇ ಯಂತ್ರದಲ್ಲಿ ಹೊಲಿದಳು. ಬಣ್ಣದಲ್ಲಿ ಬರೆದರೆ ಮಳೆಗೆ ಹೋಗುತ್ತದೆ, ತಾನು ಹೊಲಿದದ್ದು ಕಟ್ಟಡ ಬಿದ್ದರೂ ಬೀಳುವುದಿಲ್ಲ ಅನ್ನುವುದು ಅವಳ ಹೆಮ್ಮೆ. ಮನೆಮನೆಯ ಎದುರೂ ಬ್ಯಾನರು ಹಾರಿತು. ಮಸಾಯೊ ಮಾತ್ರ ತನ್ನದನ್ನು ತಾನೇ ಬರೆದು ಅಂಗಡಿಯ ಮುಂದೆ ನೇತುಹಾಕಿದಳು. ಅವಳ ವ್ಯಾಪಾರ ಆ ವಾರ ಜೋರಾಯಿತು.

ಸಮಿತಿ ಇನ್ನೊಂದು ನಿಯಮವನ್ನೂ ಮಾಡಿತು: ಕಂಪನಿಯವರು ಏನು ತಂದುಕೊಟ್ಟರೂ ಮುಟ್ಟತಕ್ಕದ್ದಲ್ಲ. ಇಲ್ಲೇ ನೋಡಿ ಎಡವಟ್ಟಾದದ್ದು.

ಕಟ್ಟಡದ ಕಂಪನಿ ಟೋಕಿಯೊದ್ದು. ಅವರ ಕಡೆಯಿಂದ ಬಂದವನು ಕುಸಾಕಾ ಎಂಬ ತರುಣ. ಕಪ್ಪು ಸೂಟು, ಬಿಳುಚಿದ ಮುಖ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಮನೆಮನೆಗೂ ಹೋಗಿ ಸೊಂಟ ಮುರಿಯುವ ಹಾಗೆ ಬಾಗಿ, "ನಿರ್ಮಾಣ ಕಾರ್ಯದಿಂದ ತಮಗೆ ತೊಂದರೆಯಾಗಲಿದೆ, ದಯಮಾಡಿ ಮನ್ನಿಸಬೇಕು" ಎಂದು ಪುಸ್ತಕ ಓದಿದ ಹಾಗೆ ಹೇಳಿ, ಸುತ್ತಿದ ಟವೆಲಿನ ಪೊಟ್ಟಣ ನೀಡಿದ. ಯಾರೂ ತೆಗೆದುಕೊಳ್ಳಲಿಲ್ಲ. ಕದ ಮುಚ್ಚಿಕೊಂಡರು. ಪಾಪ, ಕೊಡದೆ ಬರಬೇಡ ಎಂದು ಮೇಲಿನವರ ಅಪ್ಪಣೆ. ಆತ ಪೊಟ್ಟಣಗಳನ್ನು ಬಾಗಿಲ ಹಿಡಿಗಳಿಗೆ ನೇತುಹಾಕಿ ಹೋಗಿಬಿಟ್ಟ.

ಈಗ ಬಂತು ಕಷ್ಟ. ಬಂದ ಪೊಟ್ಟಣವನ್ನು ಎಸೆಯುವ ಹಾಗಿಲ್ಲ, ಅದು ನಮ್ಮ ಕೈಯಲ್ಲಾಗುವ ಕೆಲಸವಲ್ಲ. ಬಳಸುವ ಹಾಗೂ ಇಲ್ಲ. ಇಟ್ಟುಕೊಂಡು ಸುಮ್ಮನಿರುವುದಂತೂ ಸಾಧ್ಯವೇ ಇಲ್ಲ. ಒಬ್ಬರು ಕೊಟ್ಟದ್ದಕ್ಕೆ ಪ್ರತಿಯಾಗಿ ಏನೂ ಕಳಿಸದೆ ರಾತ್ರಿ ನಿದ್ದೆ ಹೋಗುವ ಮನುಷ್ಯ ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಹತ್ಸುಮಿ ಮೂರು ದಿನ ಆ ಟವೆಲನ್ನು ನೋಡಿದಳು. ನಾಲ್ಕನೆಯ ದಿನ, ಅಟ್ಟಣಿಗೆಯಲ್ಲಿ ಚೆನ್ನಾಗಿ ಕಾಯಿಸಿದ ಹತ್ತಿ ತುಂಬಿ ಒಂದು ಕೂರುವ ದಿಂಬು ಹೊಲಿದು, ಯಾರಿಗೂ ಹೇಳದೆ ಕಂಪನಿಯ ಕಚೇರಿಗೆ ಪಾರ್ಸೆಲ್ ಮಾಡಿಬಿಟ್ಟಳು. ಮುಖ್ಯಸ್ಥೆಯೇ ನಿಯಮ ಮುರಿದಳೆಂದು ತಿಳಿದರೆ ಮುಖ ಎಲ್ಲಿಡುವುದು ಎಂದು ತೊಕುಜೊಗೂ ತಿಳಿಸಲಿಲ್ಲ.

ಮುಂದಿನ ವಾರ ಕಂಪನಿಯವರು ಯೋಜನೆಯ ವಿವರ ಹೇಳಲು ಸಭೆ ಕರೆದರು. ಸಂಘದ ಮನೆ ಕಿಕ್ಕಿರಿದಿತ್ತು. ಎಲ್ಲರ ತಲೆಗೂ ಹಳದಿ ಪಟ್ಟಿ, ಎಲ್ಲರ ಮುಖವೂ ಗಂಟು. ಕುಸಾಕಾ ಎದ್ದು ನಿಂತು ಬಾಗಿದ.

"ಎಲ್ಲಕ್ಕಿಂತ ಮೊದಲು, ತಾವು ಕಳುಹಿಸಿಕೊಟ್ಟ ಉಡುಗೊರೆಗಳಿಗಾಗಿ ನಮ್ಮ ಕಚೇರಿಯ ಪರವಾಗಿ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ."

ಆತ ಜೇಬಿನಿಂದ ಒಂದು ಚೀಟಿ ತೆಗೆದು ಓದಿದ.

"ನಿಶಿವಾಕಿಯವರ ಸೀಗಡಿ ಹಪ್ಪಳ ಬಹಳ ಗರಿಗರಿಯಾಗಿತ್ತು. ಮಸಾಯೊ ಅವರ ಉಪ್ಪಿನಕಾಯಿಗೆ ನಮ್ಮಲ್ಲಿ ಪೈಪೋಟಿಯೇ ನಡೆಯಿತು. ಕುಶಿಬೆಯವರ ದಿಂಬಿನ ಮೇಲೆ ನಮ್ಮ ವಿಭಾಗದ ಮುಖ್ಯಸ್ಥರು ಕುಳಿತವರು, ಈಗ ಅದನ್ನು ಯಾರಿಗೂ ಬಿಟ್ಟುಕೊಡುತ್ತಿಲ್ಲ. ಓಣಿಯ ಎಲ್ಲ ಮನೆಗಳಿಂದಲೂ ಬಂದಿದೆ. ಇಷ್ಟು ಸೌಹಾರ್ದ ಇರುವಾಗ..."

ಎಲ್ಲರೂ ಎಲ್ಲರ ಮುಖ ನೋಡಿದರು. ನಿಶಿವಾಕಿಯ ಬೆರಳ ಕತ್ತರಿ ನಿಂತುಹೋಯಿತು. ಮೊದಲು ಮಸಾಯೊ ಕಿಸಕ್ಕೆಂದಳು.

"ಅಧ್ಯಕ್ಷರ, ಮುಟ್ಟತಕ್ಕದ್ದಲ್ಲ ಅಂತ ಭಾಷಣ ಮಾಡಿದವ್ರು ನೀವs ಅಲ್ಲೇನ್ರಿ?"

"ಮುಟ್ಟಿಲ್ಲವಾ! ಬರೇ ಹಪ್ಪಳ ಕಳಿಸೀನಿ. ನಿನ್ನ ಉಪ್ಪಿನಕಾಯಿ ತಾನs ನಡಕೊಂತ ಹೋತೇನು?"

ನಗು ಎಲ್ಲಿಂದ ಒಡೆಯಿತೋ, ಸಂಘದ ಮನೆಯ ಕಾಗದದ ಬಾಗಿಲು ಅದುರುವ ಹಾಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಸಾಕಾ, ತಾನು ಏನೋ ಒಳ್ಳೆಯ ಜೋಕು ಹೇಳಿದೆನೇನೋ ಅಂದುಕೊಂಡು ತಾನೂ ಸ್ವಲ್ಪ ನಕ್ಕ. ಹತ್ಸುಮಿ ಕಣ್ಣೊರೆಸಿಕೊಂಡು ಎದ್ದು ನಿಂತಳು.

"ತಮ್ಮಾ, ಇಲ್ಲಿ ಕೇಳು. ನಿನಗ ಯಾರೋ ತಪ್ಪ ತಿಳಿಸ್ಯಾರ. ಅದು ಪ್ರೀತಿಗೆ ಕೊಟ್ಟಿದ್ದಲ್ಲ. ನಿಮ್ಮ ಟವೆಲಿನ ಋಣ ನಮ್ಮ ಮ್ಯಾಲ ಇರೂತನಕ ನಿಮ್ಮನ್ನ ಬೈಯಾಕ ಬಾಯಿ ಬರೂದಿಲ್ಲ. ಈಗ ಅಲ್ಲಿಂದಲ್ಲಿಗೆ ಸರಿ ಆತು. ಇನ್ನ ಮನಸ್ಸು ಬಿಚ್ಚಿ ಜಗಳಾ ಮಾಡಬಹುದು. ಹೂಂ, ಶುರು ಮಾಡೂಣು?"

ಶುರುವಾಯಿತು. ಕುಸಾಕಾ ಹೇಳಿದ್ದರ ಸಾರ ಇಷ್ಟೇ: ದೊಡ್ಡ ರಸ್ತೆಯ ಪಕ್ಕದ ಜಾಗ, ಅಲ್ಲಿ ಎಷ್ಟು ಎತ್ತರ ಕಟ್ಟಿದರೂ, ಎಷ್ಟು ನೆರಳು ಬಿದ್ದರೂ ಕಾನೂನಿನ ಅಡ್ಡಿಯಿಲ್ಲ. ಅವನು ಚಾಚೂ ತಪ್ಪದೆ ಹೇಳಿದ, ಓಣಿಯವರು ಚಾಚೂ ತಪ್ಪದೆ ಬೈದರು. ಕೊನೆಗೆ ಹತ್ಸುಮಿ ಅವನಿಗೆ ಎರಡು ಪೆಪ್ಪರಮೆಂಟು ಕೊಟ್ಟು, "ಕಾಗದದ ಮ್ಯಾಲಿನ ನೆರಳು ಸಾಕು. ಐತವಾರ ನಮ್ಮ ಅಟ್ಟಣಿಗಿಗೆ ಬಂದು ಬಿಸಿಲು ನೋಡು" ಎಂದಳು.

ಬಂದ. ಭಾನುವಾರವೂ ಅದೇ ಸೂಟು. ಏಣಿ ಹತ್ತಿ ಮೇಲೆ ಬಂದಾಗ ಓಣಿಯ ಹೆಂಗಸರೆಲ್ಲ ತಂತಮ್ಮ ಹಾಸಿಗೆ ಹರಡಿ, ಬಡಿಗೆ ಹಿಡಿದು ನಿಂತಿದ್ದರು. ಅವನಿಗೆ ಜೀವವೇ ಹಾರಿಹೋಯಿತು.

"ಹೊಡಿಯೂದಿಲ್ಲ, ಕುಂದರು" ಎಂದಳು ಹತ್ಸುಮಿ. "ಬೂಟು ಬಿಚ್ಚಿ, ಆ ಗಾದಿ ಮ್ಯಾಲ ಕುಂದರು."

"ಇಲ್ಲ, ನಾನು ಕರ್ತವ್ಯದ ಮೇಲೆ ಬಂದಿದ್ದೇನೆ."

"ಕರ್ತವ್ಯಾನೂ ಕುಂದರಲಿ, ಜಾಗಾ ಐತಿ."

ಕೂತ. ಗಾಳಿ ಇರಲಿಲ್ಲ. ಹಾಸಿಗೆಯ ಬಿಸುಪು ಕೆಳಗಿನಿಂದ ಏರಿತು, ಬಿಸಿಲು ಮೇಲಿನಿಂದ ಇಳಿಯಿತು. ಹೆಂಗಸರು ಏನೇನೋ ವಾದ ಸಿದ್ಧಮಾಡಿಕೊಂಡು ಬಂದಿದ್ದರು. ಮಸಾಯೊ ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಕುಸಾಕಾ ಪಕ್ಕಕ್ಕೆ ವಾಲಿದ. ಆಮೇಲೆ ಪೂರ್ತಿ ಉರುಳಿದ. ಸಣ್ಣಗೆ ಗೊರಕೆ ಬಂತು.

"ಅಯ್ಯ, ಶತ್ರು ಮಕ್ಕೊಂಡಾನಲ್ಲs" ಎಂದಳು ಮಸಾಯೊ.

"ಸದ್ದ ಮಾಡಬ್ಯಾಡ್ರಿ. ಯಾರ ಹೆತ್ತ ಮಗನೋ ಏನೋ, ಎಷ್ಟ ದಿನಾತೋ ನಿದ್ದಿಗೆಟ್ಟು" ಎಂದು ಹತ್ಸುಮಿ ಅವನ ಮುಖಕ್ಕೆ ಬಿಸಿಲು ಹೊಡೆಯದ ಹಾಗೆ ಟವೆಲು ಹೊದಿಸಿದಳು. ಕಂಪನಿಯ ಟವೆಲೇ ಅದು. ಆವತ್ತು ಅಟ್ಟಣಿಗೆಯಲ್ಲಿ ಯಾರೂ ಹಾಸಿಗೆ ಬಡಿಯಲಿಲ್ಲ.

ಎದ್ದಾಗ ಬಿಸಿಲು ಬಾಡುತ್ತಿತ್ತು. ಕುಸಾಕಾ ಗಡಬಡಿಸಿ ಎದ್ದು, ಹಣೆ ಹಲಗೆಗೆ ತಾಗುವ ಹಾಗೆ ಬಾಗಿ ಬಾಗಿ ಕ್ಷಮೆ ಕೇಳಿದ. ಕೆನ್ನೆಯ ಮೇಲೆ ಹಾಸಿಗೆಯ ಹೊಲಿಗೆಯ ಅಚ್ಚು ಮೂಡಿತ್ತು. ಹತ್ಸುಮಿ ಕೊಟ್ಟ ಚಹಾ ಕುಡಿದು ಮುಗಿಸಿದ. ಬಾಯಿ ತೆರೆದಾಗ ಪುಸ್ತಕದ ಭಾಷೆ ಅರ್ಧ ಹಾರಿಹೋಗಿತ್ತು.

"ಅಮ್ಮಾ, ಒಂದು ಮಾತು. ಫಲಕ ಹಾಕಿದ ಮೇಲೆ ಇನ್ನೊಂದು ನಕ್ಷೆಯನ್ನೂ ಮಾಡಿದ್ವಿ. ಅಷ್ಟೇ ಕೋಣೆಗಳು, ಆದರೆ ಕಟ್ಟಡ ತೆಳ್ಳಗೆ. ಎರಡೂ ಪಕ್ಕ ಜಾಗ ಬಿಟ್ಟು ಕಟ್ಟೋದು. ಅದರ ನೆರಳು ಈ ಅಟ್ಟಣಿಗೆ ಮೇಲೆ ಮಧ್ಯಾಹ್ನ ಬಂದು, ಸ್ವಲ್ಪ ಹೊತ್ತಿಗೇ ದಾಟಿಹೋಗುತ್ತೆ. ಮುಂಚೆ ಬಿಸಿಲು, ಆಮೇಲೂ ಬಿಸಿಲು."

"ಮತ್ತ ಅದನ್ಯಾಕ ಬಿಟ್ರಿ?"

ಕುಸಾಕಾ ತಲೆ ತಗ್ಗಿಸಿದ. "ಅದು ಮೂರು ಮಹಡಿ ಹೆಚ್ಚು ಎತ್ತರ. ನಿಮ್ಮ ಬ್ಯಾನರ್‌ನಲ್ಲಿ ಎತ್ತರ ಬೇಡವೇ ಬೇಡ ಅಂತ ಇದೆಯಲ್ಲಮ್ಮಾ. ಅದನ್ನು ನೋಡಿ ನಮ್ಮವರು ಆ ನಕ್ಷೆಯನ್ನು ಪಕ್ಕಕ್ಕಿಟ್ಟುಬಿಟ್ಟರು."

ಹತ್ಸುಮಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಎರಡು ದಿನ ಅವಳು ಪೆಪ್ಪರಮೆಂಟು ಕೂಡ ಹಂಚಲಿಲ್ಲವೆಂದ ಮೇಲೆ ಅವಳ ಸ್ಥಿತಿ ಏನೆಂದು ತಿಳಿಯಿರಿ. ಎಲ್ಲರಿಗೂ ಬಿಸಿಲು ಉಳಿಸಿಕೊಡುತ್ತೇನೆ ಎಂದು ಎದೆಯುಬ್ಬಿಸಿ ನಿಂತವಳು ತಾನು. ಬಿಸಿಲಿಗೆ ಕಲ್ಲು ಹಾಕಿದ್ದೂ ತನ್ನ ಕೈಯಿಂದ ಹೊಲಿದ ಅಕ್ಷರಗಳೇ. ಪಕ್ಕದ ಓಣಿಯವರು ಕೂಡ ಅದೇ ಮಾತನ್ನು ನಕಲು ಮಾಡಿ ತಮ್ಮಲ್ಲಿ ತೂಗುಹಾಕಿಕೊಂಡಿದ್ದರು. ಈಗ ಹೋಗಿ, ಎತ್ತರ ಬೇಡ ಅಂದವಳೇ ಇನ್ನೂ ಎತ್ತರ ಕೇಳಿ ಅಂದರೆ ಮುದುಕಿಗೆ ಅರಳುಮರಳು ಅನ್ನುವುದಿಲ್ಲವೆ? ಕಂಪನಿಯವರ ಕೈಬಿಸಿಗೆ ಕರಗಿದಳು ಅನ್ನುವುದಿಲ್ಲವೆ? ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಬಿಸಿಲು ಹೋಗುತ್ತದೆ. ನಾಚಿಕೆಯಿಂದ ಅವಳಿಗೆ ಅಳುವೇ ಬಂತು.

ಊಟದ ಹೊತ್ತಿಗೆ ತೊಕುಜೊಗೆ ಎಲ್ಲ ಹೇಳಿದಳು. ಆತ ಅನ್ನ ಅಗಿಯುತ್ತ ಕೇಳಿದ.

"ನೀ ಹೊಲಿದ ಪ್ಯಾಂಟು ಅಳತಿ ತಪ್ಪಿದ್ರ ಏನ್ ಮಾಡ್ತಿ?"

"ಬಿಚ್ಚಿ ಹೊಲೀತೀನಿ."

"ಮತ್ತ?" ಎಂದು ಆತ ಮೀನಿನ ಕಡೆ ಚಾಪ್‌ಸ್ಟಿಕ್ ಚಾಚಿದ.

ಮರುದಿನವೇ ಸಭೆ ಕರೆದಳು. ಸುತ್ತುಬಳಸಿನ ಮಾತೇ ಇಲ್ಲ. ಎದ್ದು ನಿಂತು ನೇರ ಹೇಳಿಬಿಟ್ಟಳು.

"ನಾ ತಪ್ಪ ಮಾಡೀನಿ. ನಮಗ ಬ್ಯಾಡಾಗಿದ್ದು ಎತ್ತರ ಅಲ್ಲ, ಅಗಲ. ಇನ್ನೂ ಮೂರ ಮಹಡಿ ಏರಿಸ್ರಿ, ಆದ್ರ ಸಣಕಲಾಗಿ ಕಟ್ಟರಿ ಅಂತ ಕೇಳಬೇಕು."

ಎಲ್ಲರ ಕೂಗೂ ಒಟ್ಟಿಗೆ ಎದ್ದಿತು.

"ಹದಿಮೂರ ಮಹಡಿ!" ಎಂದು ಕೂಗಿದ ನಿಶಿವಾಕಿ. "ತಲಿ ಎತ್ತಿ ನೋಡಿದ್ರ ಕುತ್ತಿಗಿ ಉಳುಕತೈತಿ!"

"ನಿಮ್ಮ ಕುರ್ಚಿ ಮ್ಯಾಲ ಕುಂತ್ರೂ ಉಳುಕತೈತಿ, ಅದಕ್ಕ ರೊಕ್ಕಾನೂ ಕೊಡ್ತೀವಿ" ಎಂದಳು ಮಸಾಯೊ.

"ನಗೂದಲ್ಲ ಇದು. ಆ ಹುಡುಗ ಒಂದ ನಿದ್ದಿ ಮಾಡಿ ಇಕಿ ಮನಸ್ಸು ತಿರುಗಿಸಿ ಹೋದ. ಊರೆಲ್ಲ ನಮ್ಮನ್ನ ಆಡಿಕೊಳ್ತೈತಿ. ನಿನ್ನಿ ಎತ್ತರ ಬ್ಯಾಡ, ಇವತ್ತ ಎತ್ತರ ಬೇಕು. ನಾವೇನ ಹುಚ್ಚರೇನು?"

ಹತ್ಸುಮಿ ಚೀಲದಿಂದ ತನ್ನ ಮನೆಯ ಬ್ಯಾನರು ತೆಗೆದು ಮಡಿಲ ಮೇಲೆ ಹರಡಿಕೊಂಡಳು. ಹೊಲಿಗೆ ಬಿಚ್ಚುವ ಚೂಪು ಕೊಕ್ಕೆ ಹಿಡಿದು, 'ಎತ್ತರದ' ಅನ್ನುವ ಮಾತಿನ ಮೊದಲ ಅಕ್ಷರಕ್ಕೆ ಚುಚ್ಚಿದಳು. ಟಕ್, ಟಕ್ ಎಂದು ದಾರ ಹರಿಯಿತು. ಕೆಂಪು ಅಕ್ಷರ ಕಳಚಿ ಚಾಪೆಯ ಮೇಲೆ ಬಿತ್ತು. ಎರಡನೆಯದು ಬಿತ್ತು. ಎಪ್ಪತ್ತು ದಾಟಿದ ಹೆಂಗಸು ಇಡೀ ಓಣಿಯ ಮುಂದೆ ಕೂತು ತನ್ನ ಮಾತನ್ನು ತಾನೇ ಬಿಚ್ಚುತ್ತಿದ್ದಳು. ಅವಳ ಕಿವಿ ಕೆಂಪಾಗಿದ್ದವು. ನೋಡುತ್ತ ನಿಂತವರು ಒಬ್ಬೊಬ್ಬರಾಗಿ ಕೂತರು, ನಾನೂ ಕೂತೆ.

ಕೊನೆಯ ಅಕ್ಷರ ಬಿದ್ದ ಮೇಲೆ ತಲೆಯೆತ್ತಿ ನಿಶಿವಾಕಿಯನ್ನು ನೋಡಿದಳು.

"ಆಡಿಕೊಳ್ಳವ್ರು ಆಡಿಕೊಳ್ಳಲಿ ಅಧ್ಯಕ್ಷರ. ನನ್ನ ಮುಖಾ ಉಳಿಸಾಕ ಓಣಿ ಬಿಸಿಲು ಕೊಡ್ಲೇನು? ಈ ಮುಖಾ ಇನ್ನೆಷ್ಟ ದಿನ ಇರೂದೈತಿ?"

ನಿಶಿವಾಕಿಯ ಬೆರಳುಗಳು ಒಂದೆರಡು ಸಲ ಗಾಳಿಯನ್ನು ಕತ್ತರಿಸಿದವು. ಎದ್ದು ಹೊರಗೆ ಹೋದ. ಸಿಟ್ಟಾಗಿ ಮನೆಗೆ ಹೋದನೆಂದೇ ಎಲ್ಲರೂ ತಿಳಿದರು. ಆತ ಹೋದದ್ದು ತನ್ನ ಅಂಗಡಿಗೆ. ಅಲ್ಲಿ ಕಟ್ಟಿದ್ದ ಬ್ಯಾನರು ಬಿಚ್ಚಿ ತಂದು ಅವಳ ಮುಂದೆ ಹಾಕಿದ.

"ತಗೋ. ನನ್ನದೂ ಬಿಚ್ಚು. 'ಅಗಲದ' ಅಂತ ಹೊಲಿ. ಸ್ವಲ್ಪ ದಪ್ಪ ಅಕ್ಷರ ಇರಲಿ, ನನ್ನ ಗಿರಾಕಿಗಳಿಗೆ ಕಣ್ಣ ಕಾಣೂದಿಲ್ಲ."

ಆಮೇಲೆ ಒಬ್ಬೊಬ್ಬರೇ ಓಡಿದರು. ಹೊಲಿಗೆ ಬಲ್ಲವರೆಲ್ಲ ಸೂಜಿ ಹಿಡಿದರು, ಬಾರದವರು ದಾರ ಪೋಣಿಸಿ ಕೊಟ್ಟರು. ಮಸಾಯೊ ಒಂದು ತಟ್ಟೆ ಬಿಸಿ ಉಂಡೆ ತಂದಿಟ್ಟು, "ನನ್ನ ಬ್ಯಾನರು ಮಾತ್ರ ಮೊದಲಿಂದಾನೂ ಸರಿ ಇತ್ತು ನೋಡ್ರಿ" ಎಂದು ಎಲ್ಲರನ್ನೂ ಚುಡಾಯಿಸುತ್ತ ತಿರುಗಿದಳು. ಸಂಜೆಯ ಟ್ರಾಮಿನಲ್ಲಿ ಬಂದವರು ಎತ್ತರ ಬೇಡವೆನ್ನುತ್ತಿದ್ದ ಓಣಿ ಅಗಲ ಬೇಡವೆನ್ನುವುದನ್ನು ಓದಿ ಕಿಟಕಿಗೆ ಮುಖ ಒತ್ತಿದರು. ಟ್ರಾಮಿನ ಚಾಲಕ, ತೊಕುಜೊನ ಕೈಕೆಳಗೆ ಕಲಿತವನು, ಎರಡು ಸಲ ಗಂಟೆ ಬಾರಿಸಿದ.

ಕಂಪನಿಗೆ ಕೋಣೆಗಳ ಸಂಖ್ಯೆ ಮುಖ್ಯ, ಅದು ಕಡಿಮೆಯಾಗುತ್ತಿರಲಿಲ್ಲ. ಹೆಚ್ಚು ಎತ್ತರ ಕಟ್ಟಿ ಎಂದು ಅಕ್ಕಪಕ್ಕದವರೇ ಬ್ಯಾನರು ಹಿಡಿದದ್ದು ಅವರು ಹಿಂದೆಂದೂ ಕಂಡಿರಲಿಲ್ಲ. ಕುಸಾಕಾ ಮೂಲೆಯಲ್ಲಿದ್ದ ನಕ್ಷೆಯನ್ನು ಧೂಳು ಹೊಡೆದು ಮತ್ತೆ ಮೇಜಿನ ಮೇಲೆ ಹರಡಿದ. ದಿಂಬಿನ ಮೇಲೆ ಕೂತಿದ್ದ ಅವನ ಮುಖ್ಯಸ್ಥ ಒಪ್ಪಿಗೆ ಕೊಟ್ಟ.

ಕಟ್ಟಡ ಎದ್ದಿತು. ಕೆಲಸ ನಡೆದಷ್ಟು ಕಾಲ ಹತ್ಸುಮಿ ಒಳಗೊಳಗೇ ಹೆದರುತ್ತಲೇ ಇದ್ದಳು. ನಕ್ಷೆಯ ಬಿಸಿಲು ಬೇರೆ, ಹಲಗೆಯ ಮೇಲಿನ ಬಿಸಿಲು ಬೇರೆ. ಎಲ್ಲರಿಂದ ಹಾಗೆ ಹೇಳಿಸಿದವಳು ತಾನು. ಕಟ್ಟಡ ಮಾತು ತಪ್ಪಿದರೆ ಈ ಓಣಿಯಲ್ಲಿ ಹೇಗೆ ಮುಖ ತೋರಿಸುವುದು?

ಡಿಸೆಂಬರಿನ ಒಂದು ಶುಭ್ರ ದಿನ ಓಣಿಯವರೆಲ್ಲ ಹಾಸಿಗೆ ಹೊತ್ತುಕೊಂಡು ಅಟ್ಟಣಿಗೆ ಹತ್ತಿದರು. ಅಷ್ಟು ಜನ ಎಂದೂ ಹತ್ತಿರಲಿಲ್ಲ. ಮುರಿದುಬೀಳುತ್ತದೆಂದು ತೊಕುಜೊ ಕಾಲುಗಳಿಗೆ ಹೊಸ ಮರದ ಆಸರೆ ಕೊಟ್ಟಿದ್ದ. ಕುಸಾಕಾ ಕೂಡ ರಜೆ ಹಾಕಿ ಬಂದಿದ್ದ, ಈ ಸಲ ಸೂಟಿಲ್ಲ. ಬೆಳಗಿನ ಬಿಸಿಲು ಚೆನ್ನಾಗಿಯೇ ಬಂತು. ಮಧ್ಯಾಹ್ನದ ಹೊತ್ತಿಗೆ ಸೂರ್ಯ ಕಟ್ಟಡದ ಹಿಂದೆ ಸರಿದ. ನೆರಳು ಹೆಂಚಿನ ಮೇಲೆ ತೆವಳಿಕೊಂಡು ಬಂದು ಹಾಸಿಗೆಗಳ ಮೇಲೆ ಬಿತ್ತು. ಥಟ್ಟನೆ ಚಳಿ. ಎಲ್ಲರೂ ಕೊರಳಿಗೆ ಮಫ್ಲರು ಸುತ್ತಿಕೊಂಡರು. ಹತ್ಸುಮಿ ಕಟ್ಟಡದ ಅಂಚಿನಿಂದ ಕಣ್ಣು ತೆಗೆಯಲಿಲ್ಲ. ಕುಸಾಕಾ ಉಗುರು ಕಚ್ಚುತ್ತಿದ್ದ.

"ಬರ್ತೈತೆಲ್ಲೊ ತಮ್ಮಾ?"

"ಬರಬೇಕು, ಅಮ್ಮಾ. ಲೆಕ್ಕದ ಪ್ರಕಾರ ಬರಲೇಬೇಕು."

"ಲೆಕ್ಕಾ ಏನಾರ ಹೇಳಲಿ" ಎಂದ ತೊಕುಜೊ, ಚಹಾದ ಹೂಜಿಯಿಂದ ಲೋಟ ತುಂಬುತ್ತ. "ಗಾಡಿ ತಡ ಆಗಬಹುದು, ಲೈನಿನ ಮ್ಯಾಲ ಇದ್ದದ್ದು ಬಂದs ಬರತೈತಿ."

ಚಹಾ ಮುಗಿಯಿತು. ಇನ್ನೊಂದು ಸುತ್ತು ಬಂತು. ಅಷ್ಟರಲ್ಲಿ ಕಟ್ಟಡದ ಪಡುವಣ ಅಂಚು ಹೊಳೆಯಿತು. ಒಂದು ಎಳೆ ಬೆಳಕು ಮೊದಲು ಮಸಾಯೊಳ ಮೂಗಿನ ಮೇಲೆ, ಆಮೇಲೆ ನಿಶಿವಾಕಿಯ ಬೋಳು ತಲೆಯ ಮೇಲೆ, ಆಮೇಲೆ ಹಾಸಿಗೆಯಿಂದ ಹಾಸಿಗೆಗೆ ಹರಡಿ ಇಡೀ ಅಟ್ಟಣಿಗೆ ಬೆಳಗಿತು. ಯಾರು ಮೊದಲು ಚಪ್ಪಾಳೆ ತಟ್ಟಿದರೋ ಗೊತ್ತಿಲ್ಲ. ಓಣಿಗೆ ಓಣಿಯೇ ಎದ್ದು ನಿಂತು, ಸೂರ್ಯ ಈಗಷ್ಟೇ ಹುಟ್ಟಿದನೇನೋ ಅನ್ನುವ ಹಾಗೆ ಚಪ್ಪಾಳೆ ತಟ್ಟಿತು. ಹತ್ಸುಮಿ ಕುಸಾಕಾನ ಬೆನ್ನಿಗೆ ಒಂದು ಗುದ್ದಿ, ಮುಖ ತಿರುಗಿಸಿ ಮೂಗು ಸೀಟಿಕೊಂಡಳು.

ಆ ಗದ್ದಲಕ್ಕೆ ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂದು ಕಿಟಕಿ ತೆರೆಯಿತು. ಅಂಗೈಯಗಲದ ಬಾಲ್ಕನಿಗೆ ಒಬ್ಬ ಹುಡುಗಿ ಬಂದು ಬಗ್ಗಿ ನೋಡಿದಳು. ಆ ಬದಿ ಬಡಗಣದ್ದು. ಅಲ್ಲಿ ನೆರಳು ಹಾಗೆಯೇ ಇತ್ತು.

"ಏನಾಯ್ತು? ಏನಾದ್ರೂ ಹಬ್ಬಾನಾ?"

"ಬಿಸಿಲು ಬಂತವಾ!" ಎಂದು ಕೂಗಿದಳು ಹತ್ಸುಮಿ. "ನಿನ್ನ ಗಾದಿ ತಗೊಂಡ ಕೆಳಗ ಬಾ!"

ಹುಡುಗಿ ನಕ್ಕಳು, ಆಮೇಲೆ ಓಣಿಯಲ್ಲಿ ಇನ್ನೂ ಹಾರುತ್ತಿದ್ದ ಹಳದಿ ಬ್ಯಾನರುಗಳ ಕಡೆ ನೋಡಿ ಅಳುಕಿದಳು.

"ನಾನು... ಈ ಕಟ್ಟಡದವಳು. ಬರಬಹುದಾ?"

ಅಟ್ಟಣಿಗೆಯ ಮೇಲೆ ಎಲ್ಲರೂ ಹತ್ಸುಮಿಯ ಮುಖ ನೋಡಿದರು.

"ಜಗಳಾ ಇದ್ದದ್ದು ಕಟ್ಟಡದ ಜೋಡಿ" ಎಂದಳು ಅವಳು. "ನಿನ್ನ ಗಾದಿ ಜೋಡಿ ನಮ್ಮದೇನ ಜಗಳಾ? ಲಗೂನ ಬಾ."

ಹುಡುಗಿ ಮನೆ ಚಪ್ಪಲಿಯಲ್ಲೇ ಬಂದಳು, ಹಾಸಿಗೆಯನ್ನು ಅಪ್ಪಿಕೊಂಡು, ದಾರಿ ಕಾಣದೆ ಎಡವುತ್ತ. ನಿಶಿವಾಕಿ ಏಣಿಯಿಂದ ಅರ್ಧ ಇಳಿದು ಅದನ್ನು ಈಸಿಕೊಂಡ. "ಏನ್ ಭಾರ ಐತೆವಾ" ಎಂದು ಗೊಣಗಿದ. ಹತ್ಸುಮಿ ಅದರ ಮೇಲೆ ಅಂಗೈ ಇಟ್ಟು ನೋಡಿದಳು. ತಣ್ಣಗೆ, ತೇವ. ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ನಟ್ಟನಡುವೆ ಹರಡಿದ್ದ ತನ್ನ ಹಾಸಿಗೆಯನ್ನು ಎಳೆದು ಅಂಚಿಗೆ ಹಾಕಿ, ಅಲ್ಲಿ ಹುಡುಗಿಯದನ್ನು ಬಿಡಿಸಿದಳು.

"ನಮ್ಮ ಮಹಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ" ಎಂದಳು ಹುಡುಗಿ ಮೆಲ್ಲಗೆ. "ಎಲ್ಲರದೂ ಈ ಕಡೆಯ ಕೋಣೆ. ಅವರಿಗೂ ಹೇಳಲಾ?"

ಹತ್ಸುಮಿ ಸುತ್ತ ನೋಡಿದಳು. ಕಾಲಿಡಲು ಜಾಗವಿರಲಿಲ್ಲ.

"ಹೇಳು" ಎಂದಳು. ಆಮೇಲೆ ಬಿಸಿಲಿಗೆ ಮೈಚಾಚಿ ಆಗಲೇ ಕಣ್ಣು ಮುಚ್ಚಿದ್ದ ತೊಕುಜೊನ ಕಡೆ ತಿರುಗಿದಳು. "ಏಳ್ರಿ ಮ್ಯಾಲ. ನಿಮ್ಮ ಗಾದಿ ತಗೀರಿ. ಮಂದಿ ಬರಾಕತ್ತಾರ."